ಅವಸರದ ತಾಮ್ರ, ನಿಂತಲ್ಲಿ ನಿಲ್ಲದ ತಾಮ್ರ

ಓದುಗರ ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಧಾರವಾಡದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ತಾಮ್ರ, ಸತು, ತವರ, ಗಂಧಕ ಸೇರಿದ ಸಿಝಡ್‌ಟಿಎಸ್ ನ್ಯಾನೊ ಹರಳು ಮಾಡುತ್ತಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಬೇರೆ ಬೇರೆ ಬಣ್ಣ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಹರಳನ್ನು ಗುರುತಿಸುವ ಪರೀಕ್ಷೆ) ಬೇಡದ ಗೆರೆಗಳೂ ಬಂದಿವೆ. ಎಲ್ಲಿ ತಪ್ಪುತ್ತಿದೆ? ನಮ್ಮಲ್ಲಿ ಫ್ಲಾಸ್ಕಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಲೈನ್ ಇಲ್ಲ, ನೈಟ್ರೋಜನ್ ಸಿಲಿಂಡರ್ ಮಾತ್ರ ಇದೆ. ಇದರಿಂದ ನಿಜಕ್ಕೂ ಸೋಲಾರ್ ಪ್ಯಾನೆಲ್ ಆಗುತ್ತಾ, ಇಲ್ಲಾ ಬರೀ ಪೇಪರ್ ಬರೆಯೋಕಾ? ಕೊನೆಯದು ನಮ್ಮವ್ವನ ಪ್ರಶ್ನೆ: ಮನೆಯ ತಾಮ್ರದ ಹಂಡೆ ಕಪ್ಪಾಗೋದೂ ಇದೇನಾ?

ಉತ್ತರ: ಮೂರು ಸಲ ಮಾಡಿ ಮೂರು ಬಣ್ಣ ಕಂಡವರು ನೀವೊಬ್ಬರೇ ಅಲ್ಲ. ನನ್ನ ಲ್ಯಾಬಿನ ಕಪಾಟಿನಲ್ಲಿ ಒಂದು ಕಾಲಕ್ಕೆ ಕಂದು, ಕಪ್ಪು, ಹಸಿರುಗಪ್ಪು ಬಾಟಲಿಗಳ ಸಾಲೇ ಇತ್ತು. ಎಲ್ಲದರ ಮೇಲೂ ಸಿಝಡ್‌ಟಿಎಸ್ ಅಂತ ಚೀಟಿ. ಒಳಗಿದ್ದ ಸರಕು ಮಾತ್ರ ಒಂದೊಂದರಲ್ಲಿ ಒಂದೊಂದು.

ತಪ್ಪು ಹುಡುಕುವ ಮೊದಲು ತಾಮ್ರದ ಸ್ವಭಾವ ಗೊತ್ತಿರಬೇಕು. ಅದಕ್ಕೆ ಎರಡು ಚಾಳಿ. ಗಂಧಕ ಕಂಡರೆ ಸಾಕು, ಅವಸರ. ಹರಳಿನೊಳಗೆ ಹೋಗಿ ಸೇರಿದ ಮೇಲೂ ಒಂದು ಕಡೆ ಕೂರುವುದಿಲ್ಲ. ನಿಮ್ಮ ಬೇಡದ ಗೆರೆಗಳು ಮೊದಲನೇ ಚಾಳಿಯಿಂದ ಬಂದವು. ಸೋಲಾರ್ ಪ್ರಶ್ನೆಗೆ ಉತ್ತರ ಎರಡನೆಯದರಲ್ಲಿದೆ.

ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಇವು ಒಂದೇ ಮನೆಯ ಮಕ್ಕಳು. ಇವು ಲೋಹದ ಜೊತೆ ಸೇರಿದರೆ ಆಗುವುದಕ್ಕೆ ಚಾಲ್ಕೊಜೆನೈಡ್ ಅನ್ನುತ್ತೇವೆ. ಗ್ರೀಕಿನಲ್ಲಿ ಚಾಲ್ಕೋಸ್ ಅಂದರೆ ತಾಮ್ರ. ಹೆಸರಿನಲ್ಲೇ ತಾಮ್ರ ಇದೆ ನೋಡಿ. ಭೂಮಿಯೊಳಗೂ ತಾಮ್ರ ಹೆಚ್ಚಾಗಿ ಗಂಧಕದ ಜೊತೆಯೇ ಸಿಗುತ್ತದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತಲ್ಲ, ಅಲ್ಲಿಯ ಚಾಲ್ಕೊಪೈರೈಟ್ ಅಂದರೆ ತಾಮ್ರ, ಕಬ್ಬಿಣ, ಗಂಧಕ ಸೇರಿದ ಖನಿಜ. ಅದರಲ್ಲಿ ಕಬ್ಬಿಣದ ಜಾಗಕ್ಕೆ ಇಂಡಿಯಂ ಕೂರಿಸಿದರೆ ಸೋಲಾರ್ ಸೆಲ್ಲಿಗೆ ಬೇಕಾದ ಕಾಪರ್ ಇಂಡಿಯಂ ಸಲ್ಫೈಡ್. ದುಬಾರಿ ಇಂಡಿಯಂ ಬೇಡ ಅಂತ ಅರ್ಧ ಸತು, ಅರ್ಧ ತವರ ಕೂರಿಸಿದರೆ ನಿಮ್ಮ ಸಿಝಡ್‌ಟಿಎಸ್.

ಕಾಗದದ ಮೇಲೆ ಕೂರಿಸುವುದು ಸುಲಭ. ಫ್ಲಾಸ್ಕಿನಲ್ಲಿ ಮೂರೂ ಲೋಹ ಒಂದೇ ಸಲಕ್ಕೆ ಗಂಧಕದ ಕೈ ಹಿಡಿಯಬೇಕಲ್ಲ, ಅಲ್ಲೇ ತಕರಾರು. 1963ರಲ್ಲಿ ರಾಲ್ಫ್ ಪಿಯರ್ಸನ್ ಆಮ್ಲಗಳನ್ನೂ ಪ್ರತ್ಯಾಮ್ಲಗಳನ್ನೂ ಮೃದು, ಗಡಸು ಅಂತ ವಿಂಗಡಿಸಿದ್ದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಮೃದುವಿಗೆ ಮೃದು ಒಗ್ಗುತ್ತದೆ, ಗಡಸಿಗೆ ಗಡಸು. ಒಂದು ಧನ ಆವೇಶದ ತಾಮ್ರ ಮೃದು. ಗಂಧಕವೂ ಮೃದು. ನಾಲ್ಕು ಆವೇಶದ ತವರ ಗಡಸು, ಸತು ನಡುವಿನದು. ಹಾಗಾಗಿ ಬಿಸಿ ಏರುತ್ತಿದ್ದಂತೆ ತಾಮ್ರ ಓಡಿ ಹೋಗಿ ಗಂಧಕವನ್ನು ಕಟ್ಟಿಕೊಳ್ಳುತ್ತದೆ. ಉಳಿದೆರಡು ಬಾಗಿಲಲ್ಲೇ ನಿಂತಿರುತ್ತವೆ.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಪುಸ್ತಕ ಅಲ್ಲ, ಕರೆಂಟು. ಧಾರವಾಡದ ಮಳೆಗಾಲ, ಬೆಳಗ್ಗಿನಿಂದ ಜಿಟಿಜಿಟಿ. ಫ್ಲಾಸ್ಕ್ ಇನ್ನೂ 160 ಡಿಗ್ರಿಯ ಹತ್ತಿರ ಇತ್ತು, ಕರೆಂಟು ಹೋಯಿತು. ಹೀಟಿಂಗ್ ಮ್ಯಾಂಟಲಿಗೆ ಯುಪಿಎಸ್ ಇರಲಿಲ್ಲ. ಒಂದು ತಾಸು ಕಾದು, ಬೈದುಕೊಂಡು, ತಣ್ಣಗಾದದ್ದನ್ನು ಚೆಲ್ಲಲು ಹೊರಟೆ. ಯಾಕೋ ಮನಸ್ಸು ಬದಲಾಗಿ ಅದನ್ನೇ ತೊಳೆದು ಎಕ್ಸ್‌ಆರ್‌ಡಿಗೆ ಕೊಟ್ಟೆ. ಬಂದ ಗೆರೆಗಳೆಲ್ಲ ತಾಮ್ರದ ಸಲ್ಫೈಡಿನವು. ಸತು, ತವರದ ಸುಳಿವೇ ಇಲ್ಲ. ಸಿಝಡ್‌ಟಿಎಸ್ ಒಮ್ಮೆಲೇ ಹುಟ್ಟುವುದಿಲ್ಲ, ಹೆಚ್ಚಿನ ಸಲ ಮೊದಲು ತಾಮ್ರದ ಸಲ್ಫೈಡಿನ ಮರಿ ಹುಟ್ಟುತ್ತದೆ, ಆಮೇಲೆ ತವರ, ಸತು ಅದರೊಳಗೆ ನುಗ್ಗುತ್ತವೆ ಅನ್ನುವುದು ಅವತ್ತು ಕಣ್ಣಿಗೆ ಕಂಡಿತು. ನೀವು ಬೇಗ ಇಳಿಸಿದರೆ, ಅಥವಾ ಬಿಸಿ ಸಾಲದೆ ಹೋದರೆ, ಅರ್ಧ ನುಗ್ಗಿದ ಹರಳು ಸಿಗುತ್ತದೆ. ನಿಮ್ಮ ಮೂರು ಬಣ್ಣ ಮೂರು ಬೇರೆ ಹಂತಗಳ ಬಣ್ಣ ಅಂತ ನನ್ನ ಊಹೆ. ಹಸಿರು ಛಾಯೆ ಇದ್ದ ಬಾಟಲಿಯಲ್ಲಿ ಕೋವೆಲೈಟ್, ಅಂದರೆ ಒಂದಕ್ಕೊಂದು ಪಾಲಿನ ತಾಮ್ರದ ಸಲ್ಫೈಡ್, ಇರುವ ಅನುಮಾನ ಜಾಸ್ತಿ.

ಹಾಗಾದರೆ ಲಗಾಮು ಹಾಕುವುದು ಹೇಗೆ? ಇಲ್ಲಿ ನಿಮ್ಮವ್ವನ ಅಡುಗೆಮನೆಗೆ ಹೋಗೋಣ. ಸಂಕ್ರಾಂತಿಗೆ ಮನೆಯಲ್ಲಿ ಕುಸುರೆಳ್ಳು ಮಾಡುವುದನ್ನು ನೋಡಿದ್ದೀರಲ್ಲ? ಸಣ್ಣ ಕೆಂಡದ ಮೇಲೆ ಅಗಲ ತಟ್ಟೆ, ಅದರಲ್ಲಿ ಎಳ್ಳು. ಚಮಚದ ತುದಿಯಿಂದ ಪಾಕ ಹನಿಹನಿ ಬಿಡಬೇಕು, ಬೆರಳಿನಿಂದ ಆಡಿಸುತ್ತಲೇ ಇರಬೇಕು. ತಾಳ್ಮೆ ಇದ್ದವರ ಕೈಯಲ್ಲಿ ಒಂದೊಂದು ಎಳ್ಳಿನ ಮೇಲೂ ಸಮನಾಗಿ ಮುಳ್ಳು ಏಳುತ್ತವೆ. ಅವಸರ ಮಾಡಿ ಸೌಟುಗಟ್ಟಲೆ ಪಾಕ ಸುರಿದರೆ ಎಳ್ಳು ಎಳ್ಳಿಗೆ ಅಂಟಿ ಗಂಟು. ನಡುವೆ ಎಳ್ಳೇ ಇಲ್ಲದ ಬರೀ ಸಕ್ಕರೆಯ ಪುಡಿ ಬೇರೆ.

ನ್ಯಾನೊ ಹರಳಿನಲ್ಲೂ ಇದೇ ಲೆಕ್ಕ, ಒಂದೇ ವ್ಯತ್ಯಾಸ. ನಮಗೆ ಎಳ್ಳು ತಯಾರಾಗಿ ಸಿಗುವುದಿಲ್ಲ, ಅದನ್ನೂ ನಾವೇ ಮಾಡಿಕೊಳ್ಳಬೇಕು. ಬಿಸಿ ದ್ರಾವಣಕ್ಕೆ ಗಂಧಕದ ದ್ರಾವಣವನ್ನು ಸಿರಿಂಜಿನಿಂದ ಒಂದೇ ಉಸಿರಿಗೆ ಹೊಡೆದರೆ ಆ ಕ್ಷಣದಲ್ಲಿ ಲೆಕ್ಕವಿಲ್ಲದಷ್ಟು ಮರಿಗಳು ಒಟ್ಟಿಗೆ ಹುಟ್ಟುತ್ತವೆ. ತಣ್ಣನೆಯ ದ್ರಾವಣ ಬಿದ್ದದ್ದರಿಂದ ಉಷ್ಣತೆ ಕುಸಿಯುತ್ತದೆ, ಹುಟ್ಟುವುದು ನಿಲ್ಲುತ್ತದೆ. ಆಮೇಲೆ ಬೆಳೆಯುವುದಷ್ಟೇ ಬಾಕಿ. ಎಲ್ಲಕ್ಕೂ ಒಂದೇ ವಯಸ್ಸು, ಹಾಗಾಗಿ ಹೆಚ್ಚುಕಡಿಮೆ ಒಂದೇ ಗಾತ್ರ. ಹುಟ್ಟು ಬೇರೆ, ಬೆಳವಣಿಗೆ ಬೇರೆ ಮಾಡಬೇಕು ಅನ್ನುವ ವಿಚಾರವನ್ನು ಲಾಮೆರ್ ಮತ್ತು ಡೈನಗಾರ್ 1950ರಲ್ಲೇ ಹೇಳಿದ್ದರು. 1993ರಲ್ಲಿ ಮೌಂಗಿ ಬವೆಂಡಿ ಮತ್ತು ಅವರ ವಿದ್ಯಾರ್ಥಿಗಳು ಕ್ಯಾಡ್ಮಿಯಂ ಚಾಲ್ಕೊಜೆನೈಡುಗಳಲ್ಲಿ ಇದನ್ನು ಮಾಡಿ ತೋರಿಸಿದರು. 2023ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಬವೆಂಡಿ ಒಬ್ಬರು. ಸಿಝಡ್‌ಟಿಎಸ್ ನ್ಯಾನೊ ಹರಳು ಮಾಡಿದ ಮೊದಲ ವರದಿಗಳು 2009ರಲ್ಲಿ ಅಮೆರಿಕದ ಮೂರು ಗುಂಪುಗಳಿಂದ, ಹೆಚ್ಚುಕಡಿಮೆ ಒಟ್ಟಿಗೇ ಬಂದವು.

ಈಗ ನಿಮ್ಮ ಫ್ಲಾಸ್ಕಿಗೆ ಬರೋಣ. ಒಲೈಲ್‌ಅಮೀನ್ ಬಳಸುತ್ತಿದ್ದೀರಿ ಅಂದುಕೊಳ್ಳುತ್ತೇನೆ, ಲೋಹದ ಲವಣ ಕರಗಿಸಲು ಹೆಚ್ಚಿನವರು ಬಳಸುವುದು ಈ ಎಣ್ಣೆಯಂಥ ದ್ರವವನ್ನೇ. ಬಾಟಲಿಯ ಚೀಟಿ ಓದಿ. ಸಾಮಾನ್ಯವಾಗಿ ಸಿಗುವುದು ಶೇ 70 ಶುದ್ಧ. ಉಳಿದ 30ರಲ್ಲಿ ಏನಿದೆ ಅನ್ನುವುದು ಬಾಟಲಿಯಿಂದ ಬಾಟಲಿಗೆ ಬದಲು. ಮೂರು ಸಲದಲ್ಲಿ ನಡುವೆ ಬಾಟಲಿ ಬದಲಿಸಿದ್ದರೆ ಅದೊಂದೇ ಕಾರಣ ಸಾಕು. ಇಡೀ ಪ್ರಾಜೆಕ್ಟಿಗೆ ಒಂದೇ ಬಾಟಲಿ ಇಟ್ಟುಕೊಳ್ಳಿ.

ಆಮೇಲೆ ನೀರು. ಲೋಹದ ಅಸಿಟೇಟ್, ಕ್ಲೋರೈಡುಗಳ ಮೈಯಲ್ಲೇ ನೀರು ಇರುತ್ತದೆ, ನಮ್ಮ ಮಳೆಗಾಲದ ಗಾಳಿ ಇನ್ನಷ್ಟು ಕೊಡುತ್ತದೆ. ವ್ಯಾಕ್ಯೂಮ್ ಇದ್ದವರು 110–120 ಡಿಗ್ರಿಯಲ್ಲಿ ಅದನ್ನು ಎಳೆದು ಹಾಕುತ್ತಾರೆ. ನೀವು ಅದೇ ಬಿಸಿಯಲ್ಲಿ, ಮೂರು ಬಾಯಿಯ ಫ್ಲಾಸ್ಕಿನೊಳಗೆ, ದ್ರಾವಣದ ತಳದವರೆಗೆ ನೈಟ್ರೋಜನ್ ಗುಳ್ಳೆ ಬಿಡುತ್ತಾ ಒಂದು ತಾಸು ಇಡಿ. ಕಂಡೆನ್ಸರಿನ ಗೋಡೆಯ ಮೇಲೆ ಹನಿ ಕಾಣುವುದು ನಿಲ್ಲುವ ತನಕ ಮುಂದೆ ಹೋಗಬೇಡಿ. ವ್ಯಾಕ್ಯೂಮಿನಷ್ಟು ಚೊಕ್ಕ ಆಗುವುದಿಲ್ಲ, ಆದರೂ ನಡೆಯುತ್ತದೆ.

ಮುಖ್ಯ ಲಗಾಮು ಅಂದರೆ ಥಯಾಲ್, ತುದಿಯಲ್ಲಿ ಗಂಧಕ ಇರುವ ಸಾವಯವ ಪದಾರ್ಥ. ಡೋಡೆಕೇನ್‌ಥಯಾಲ್ ಸ್ವಲ್ಪ ಸೇರಿಸಿದರೆ ಅದರ ಗಂಧಕ ತಾಮ್ರವನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ. ಅಷ್ಟರಲ್ಲಿ ಸತು, ತವರ ತಯಾರಾಗುತ್ತವೆ. ವಾಸನೆ ಮಾತ್ರ ಕೇಳಬೇಡಿ, ಮೂರು ದಿನ ಕ್ಯಾಂಟೀನಿನಲ್ಲಿ ನಿಮ್ಮ ಪಕ್ಕ ಯಾರೂ ಕೂರುವುದಿಲ್ಲ. ಗಂಧಕದ ದ್ರಾವಣವನ್ನು 225 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಹೊಡೆಯಿರಿ, ದಪ್ಪ ಸೂಜಿಯಿಂದ, ತಡವರಿಸದೆ. ಆಮೇಲೆ ಕನಿಷ್ಠ ಅರ್ಧ ತಾಸು ಅದೇ ಬಿಸಿಯಲ್ಲಿ ಬಿಡಿ. 5, 15, 30, 60 ನಿಮಿಷಕ್ಕೆ ಒಂದೊಂದು ಹನಿ ತೆಗೆದು ಬೇರೆ ಬೇರೆ ಇಡಿ. ಒಂದೇ ದಿನದ ಆ ನಾಲ್ಕು ಹನಿಗಳು ನಿಮ್ಮ ಮೂರು ಸಲದ ಕೆಲಸಕ್ಕಿಂತ ಹೆಚ್ಚು ಹೇಳುತ್ತವೆ.

ಅಳತೆ ಹಾಕುವಾಗ ಸೂತ್ರದಲ್ಲಿದ್ದಂತೆ 2:1:1 ಹಾಕಬೇಡಿ. ತಾಮ್ರ ಕಡಿಮೆ, ಸತು ಜಾಸ್ತಿ ಇರಲಿ. ಸತು ಮತ್ತು ತವರ ಕೂಡಿಸಿದ್ದಕ್ಕೆ ತಾಮ್ರ 0.8ರ ಆಸುಪಾಸು, ತವರಕ್ಕೆ ಸತು 1.1ರಿಂದ 1.2. ಒಳ್ಳೆಯ ಸೆಲ್ಲುಗಳು ಬಂದಿರುವುದು ಈ ಅಳತೆಯಲ್ಲೇ.

ಸುರಕ್ಷತೆ ಬಗ್ಗೆ ಎರಡೇ ಮಾತು, ಆದರೆ ಗಟ್ಟಿಯಾಗಿ. ಬಿಸಿ ಅಮೀನಿನಲ್ಲಿ ಗಂಧಕ ಕರಗಿದಾಗ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತು ಅಂದರೆ ಅನಿಲ ಹೋಯಿತು ಅಂತಲ್ಲ, ಮೂಗೇ ಸೋತಿರಬಹುದು. ಫ್ಯೂಮ್ ಹುಡ್ ಇಲ್ಲದೆ ಇದನ್ನು ಮಾಡಲೇಬೇಡಿ, ಗೈಡ್ ಹೇಳಿದರೂ ಬೇಡ.

ಎಕ್ಸ್‌ಆರ್‌ಡಿಯನ್ನು ಮಾತ್ರ ನಂಬಿ ಕೂತರೆ ಮೋಸ ಹೋಗುತ್ತೀರಿ. ಸಿಝಡ್‌ಟಿಎಸ್‌ನ ದೊಡ್ಡ ಗೆರೆಗಳು 28.5, 47.3, 56.1 ಡಿಗ್ರಿ ಕೋನದ ಹತ್ತಿರ ಬರುತ್ತವೆ. ಸತುವಿನ ಸಲ್ಫೈಡ್ ಮತ್ತು ತಾಮ್ರ-ತವರದ ಸಲ್ಫೈಡಿನ ಗೆರೆಗಳೂ ಬಹುಪಾಲು ಅಲ್ಲೇ ಬೀಳುತ್ತವೆ. ಹರಳು ಚಿಕ್ಕದಾದಷ್ಟು ಗೆರೆ ಅಗಲ, ಆಗಂತೂ ಮೂವರಲ್ಲಿ ಯಾರು ಯಾರು ಅಂತ ಗೊತ್ತೇ ಆಗುವುದಿಲ್ಲ. ನಿಮ್ಮ ಬೇಡದ ಗೆರೆ 31.8ರ ಹತ್ತಿರ ಇದ್ದರೆ ಕೋವೆಲೈಟ್ ಇರುವ ಅನುಮಾನ ಜಾಸ್ತಿ. ಖಚಿತವಾಗಬೇಕಾದರೆ ರಾಮನ್ ಬೇಕು, ಅಂದರೆ ಲೇಸರ್ ಬೆಳಕು ಚದುರುವುದನ್ನು ನೋಡಿ ಪದಾರ್ಥ ಗುರುತಿಸುವ ಪರೀಕ್ಷೆ. 336–338 ತರಂಗಸಂಖ್ಯೆಯಲ್ಲಿ (ಪ್ರತಿ ಸೆಂ.ಮೀ.ಗೆ) ಎದ್ದು ಕಾಣುವ ಶಿಖರ ಸಿಝಡ್‌ಟಿಎಸ್‌ದು, 475ರದ್ದು ಕೋವೆಲೈಟಿನದು. ಲೇಸರನ್ನು ಸಣ್ಣಗೆ ಇಡಲು ಹೇಳಿ. ಜೋರಾಗಿ ಬಿಟ್ಟರೆ ಹರಳು ಅಲ್ಲೇ ಸುಟ್ಟು, ಇಲ್ಲದ ಪದಾರ್ಥ ಕಾಣಿಸುತ್ತದೆ.

ಟಿಇಎಂಗೆ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ, ಕಳಿಸುವಾಗ ಮಕ್ಕಳು ಪದೇ ಪದೇ ಮಾಡುವ ಒಂದು ತಪ್ಪಿದೆ. ಹರಳು ಇಡುವ ಸಣ್ಣ ಜಾಲರಿ, ಅಂದರೆ ಗ್ರಿಡ್, ಮಾಮೂಲಾಗಿ ತಾಮ್ರದ್ದು. ಅದರ ಮೇಲೆ ತಾಮ್ರದ ಹರಳು ಇಟ್ಟು ಧಾತುಗಳ ಪ್ರಮಾಣ ಅಳೆದರೆ ಗ್ರಿಡ್ಡಿನ ತಾಮ್ರವೂ ಲೆಕ್ಕಕ್ಕೆ ಬರುತ್ತದೆ. ನಿಕ್ಕೆಲ್ ಅಥವಾ ಚಿನ್ನದ ಗ್ರಿಡ್ ಕೇಳಿ. ತಾಮ್ರದ ಗ್ರಿಡ್ಡಿನ ಲೆಕ್ಕವನ್ನೇ ಹಾಕಿದ ಪೇಪರ್ ಪರಿಶೀಲನೆಗೆ ಬಂದರೆ ನಾನು ಮುಂದೆ ಓದುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಕೈ ಹತ್ತದಿದ್ದರೆ ನನ್ನದೊಂದು ಸಲಹೆ. ನಿಮ್ಮ ಸೌಲಭ್ಯಕ್ಕೆ ಹೊಂದುವುದು ಸಿಝಡ್‌ಟಿಎಸ್ ಅಲ್ಲ, ನೀರಿನಲ್ಲಿ ಮಾಡುವ ಕಾಪರ್ ಇಂಡಿಯಂ ಸಲ್ಫೈಡ್. ತಾಮ್ರ ಒಂದು ಪಾಲು, ಇಂಡಿಯಂ ನಾಲ್ಕು ಪಾಲು, ಲಗಾಮಿಗೆ ಗ್ಲುಟಾಥಯೋನ್ ಮತ್ತು ಸೋಡಿಯಂ ಸಿಟ್ರೇಟ್, ಗಂಧಕಕ್ಕೆ ಸೋಡಿಯಂ ಸಲ್ಫೈಡ್. 95 ಡಿಗ್ರಿ, ಅಂದರೆ ನೀರಿನ ಸ್ನಾನ ಸಾಕು. ಆಮೇಲೆ ಸತುವಿನ ಅಸಿಟೇಟ್, ಥಯೋಯೂರಿಯಾ ಹಾಕಿ ಸತುವಿನ ಸಲ್ಫೈಡಿನ ಚಿಪ್ಪು ಹೊದಿಸಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದರೆ ಹಳದಿಯೋ ಕೆಂಪೋ ಬೆಳಗುತ್ತದೆ. ಸೋಡಿಯಂ ಸಲ್ಫೈಡಿಗೆ ಆಮ್ಲ ತಾಗಿಸಬೇಡಿ, ಮತ್ತೆ ಅದೇ ಅನಿಲ. ಥಯೋಯೂರಿಯಾ ಮುಟ್ಟುವಾಗ ಗ್ಲೌಸ್ ಇರಲಿ. ಕ್ಯಾಡ್ಮಿಯಂ ಇಲ್ಲ, ಸೀಸ ಇಲ್ಲ, ಕರೆಂಟು ಹೋದರೂ ಅಷ್ಟು ನಷ್ಟ ಇಲ್ಲ.

ಇನ್ನು ಸೋಲಾರ್. ನೇರವಾಗಿ ಹೇಳುತ್ತೇನೆ. ಗದಗಿನ ನಿಮ್ಮ ಮನೆಯ ಮಾಳಿಗೆಗೆ ಪ್ಯಾನೆಲ್ ಹಾಕಿಸುವುದಿದ್ದರೆ ಸಿಲಿಕಾನಿನದೇ ಹಾಕಿಸಿ, ಸಿಝಡ್‌ಟಿಎಸ್‌ಗೆ ಕಾಯಬೇಡಿ. ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಇರುವ ತಾಮ್ರದ ಸೆಲ್ಲುಗಳು ಬಿದ್ದ ಬೆಳಕನ್ನು ವಿದ್ಯುತ್ ಮಾಡುವುದರಲ್ಲಿ ಲ್ಯಾಬಿನಲ್ಲಿ ಶೇ 23 ದಾಟಿವೆ, ಅಂಗಡಿಗೂ ಬಂದಿವೆ. ಸಿಝಡ್‌ಟಿಎಸ್ ವಂಶದ್ದು 2013ರಲ್ಲಿ ಐಬಿಎಂ ತಂಡದ ಕೈಯಲ್ಲಿ ಶೇ 12.6 ಮುಟ್ಟಿತು. ಆಮೇಲೆ ವರ್ಷಗಟ್ಟಲೆ ಅಲ್ಲೇ ಕುಂಟಿತು. ಈಚೆಗೆ ಶೇ 15ರ ಹತ್ತಿರ ಬಂದಿದೆ.

ಯಾಕೆ ಕುಂಟಿತು? ಎರಡನೇ ಚಾಳಿ. ತಾಮ್ರ ಮತ್ತು ಸತುವಿನ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಎದ್ದು ನಿಂತವರ ಸೀಟಿನಲ್ಲಿ ಇನ್ನೊಬ್ಬರು ಕೂತುಬಿಡುತ್ತಾರಲ್ಲ, ಹಾಗೆ ತಾಮ್ರ ಸತುವಿನ ಸೀಟಿನಲ್ಲಿ, ಸತು ತಾಮ್ರದ ಸೀಟಿನಲ್ಲಿ. ಹೀಗೆ ಅದಲುಬದಲಾಗಿ ಕೂತಲ್ಲೆಲ್ಲ ಸೆಲ್ಲಿನ ವೋಲ್ಟೇಜಿಗೆ ಪೆಟ್ಟು. ಇದಕ್ಕೆ ತವರದ ದೋಷಗಳೂ ಸೇರಿಕೊಳ್ಳುತ್ತವೆ.

ತಾಮ್ರ ಹೀಗೆ ಕೈ ಕೊಟ್ಟಿದ್ದು ಇದೇ ಮೊದಲಲ್ಲ. ಬೆಲ್ ಲ್ಯಾಬಿನ ಸಿಲಿಕಾನ್ ಸೆಲ್ ಬಂದ 1954ರಲ್ಲೇ ಕ್ಯಾಡ್ಮಿಯಂ ಸಲ್ಫೈಡಿನ ಸೆಲ್ಲೂ ಬಂತು, ಮುಂದೆ ಅದಕ್ಕೆ ತಾಮ್ರದ ಸಲ್ಫೈಡ್ ಜೊತೆಯಾಯಿತು. 1980ರ ದಶಕದ ಆರಂಭಕ್ಕೆ ಅದು ಶೇ 10 ದಾಟಿತ್ತು. ಅಗ್ಗ, ಮಾಡಲು ಸುಲಭ. ಆದರೆ ದಿನ ಕಳೆದಂತೆ ತಾಮ್ರ ತನ್ನ ಪದರ ಬಿಟ್ಟು ಪಕ್ಕದ ಪದರಕ್ಕೆ ನಡೆದುಬಿಡುತ್ತಿತ್ತು. ಸೆಲ್ ಸೊರಗುತ್ತಿತ್ತು. ಕೊನೆಗೆ ಅದನ್ನು ಕೈಬಿಟ್ಟರು.

ಇನ್ನೊಂದು ತಮಾಷೆ ಇದೆ. ಇಷ್ಟು ಕಷ್ಟಪಟ್ಟು ಮಾಡಿದ ನ್ಯಾನೊ ಹರಳನ್ನು ಸೆಲ್ ಮಾಡುವಾಗ ನಾವೇ ಕೆಡಿಸುತ್ತೇವೆ. ಹರಳಿನ ಮೈಮೇಲಿನ ಉದ್ದ ಬಾಲದ ಅಮೀನ್ ವಿದ್ಯುತ್ತಿಗೆ ಅಡ್ಡ. ಹಾಗಾಗಿ ಇಂಕಿನಂತೆ ಬಳಿದು, 500 ಡಿಗ್ರಿಯ ಆಸುಪಾಸಿನಲ್ಲಿ ಸೆಲೆನಿಯಂ ಆವಿಯಲ್ಲಿ ಬೇಯಿಸಿ, ದೊಡ್ಡ ಹರಳು ಮಾಡಿಕೊಳ್ಳುತ್ತೇವೆ. ಅಷ್ಟಕ್ಕೆ ನ್ಯಾನೊ ಯಾಕೆ ಅಂದರೆ, ನಾಲ್ಕೂ ಧಾತು ಒಂದೇ ಹರಳಿನಲ್ಲಿ ಮೊದಲೇ ಬೆರೆತಿರುತ್ತವೆ, ಪ್ರಿಂಟಿಂಗ್ ಇಂಕಿನಂತೆ ಬಳಿಯಬಹುದು ಅನ್ನುವುದು ಲಾಭ.

ಸೋಲಾರಿನಲ್ಲಿ ಕಾಟ ಕೊಡುವ ಆ ಅಲೆದಾಟ ಬೇರೆ ಕಡೆ ಬಂಗಾರ. ತಾಮ್ರದ ಸಲ್ಫೈಡಿನಿಂದ ಸ್ವಲ್ಪ ತಾಮ್ರ ಹೊರಗೆ ಹೋದರೆ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ಧನ ಆವೇಶದ ರಂಧ್ರಗಳು ಓಡಾಡುತ್ತವೆ. ಅವೆಲ್ಲ ಒಟ್ಟಿಗೆ ಅತ್ತಿತ್ತ ತೂಗಾಡಿದಾಗ ಹರಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನುಂಗುತ್ತದೆ. ಚಿನ್ನದ ಕಣಗಳು ಹೀಗೆ ಮಾಡುವುದು ಹಳೆಯ ಸಂಗತಿ. ಅರೆವಾಹಕದ ಹರಳೂ ಮಾಡುತ್ತದೆ ಅಂತ ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲ್ ಅಲಿವಿಸಾಟೋಸ್ ಅವರ ಗುಂಪು 2011ರಲ್ಲಿ ತೋರಿಸಿತು. ಇದರ ಸುಂದರ ಭಾಗ ಏನು ಗೊತ್ತಾ? ಹರಳಿಗೆ ಗಾಳಿ ತಾಗಿಸಿದರೆ ಸಾಕು, ತಾಮ್ರ ಹೊರಬಂದು ಆ ಬೆಳಕು ನುಂಗುವ ಶಿಖರ ಏಳುತ್ತದೆ. ನುಂಗಿದ ಬೆಳಕು ಶಾಖವಾಗುವುದರಿಂದ ಗಡ್ಡೆಗಳನ್ನು ಲೇಸರಿನಿಂದ ಸುಡುವ ಚಿಕಿತ್ಸೆಗೆ ಇದನ್ನು ಪರೀಕ್ಷಿಸುತ್ತಿದ್ದಾರೆ. ಹೆಚ್ಚಿನ ಕೆಲಸ ಇನ್ನೂ ಇಲಿಗಳ ಮೇಲೇ ಇದೆ.

ಶಾಖದಿಂದ ವಿದ್ಯುತ್ ಮಾಡುವ ಕಡೆಗೂ ಅಷ್ಟೇ. ಅಲ್ಲಿ ಬೇಕಾದದ್ದು ವಿದ್ಯುತ್ ಹರಿಯಬೇಕು, ಶಾಖ ಹರಿಯಬಾರದು. ತಾಮ್ರದ ಸೆಲೆನೈಡ್ ಬಿಸಿಯಾದಾಗ ಸೆಲೆನಿಯಂ ಚೌಕಟ್ಟು ಗಟ್ಟಿ ನಿಂತಿರುತ್ತದೆ, ಒಳಗೆ ತಾಮ್ರ ದ್ರವದಂತೆ ಹರಿದಾಡುತ್ತದೆ. ಆ ಗದ್ದಲದಲ್ಲಿ ಶಾಖಕ್ಕೆ ದಾರಿ ಸಿಗುವುದಿಲ್ಲ. 2012ರ ಒಂದು ಪ್ರಸಿದ್ಧ ವರದಿಯಲ್ಲಿ ಶಾಖವನ್ನು ವಿದ್ಯುತ್ ಮಾಡುವ ಇದರ ಸಾಮರ್ಥ್ಯ ಹೇಳುವ ಗುಣಾಂಕ 1000 ಕೆಲ್ವಿನ್‌ನಲ್ಲಿ 1.5 ಬಂತು. ಒಂದು ದಾಟಿದರೇ ಒಳ್ಳೆಯದು ಅನ್ನುವ ಕ್ಷೇತ್ರ ಅದು. ಆದರೆ ಕರೆಂಟು ಹರಿಸುತ್ತಾ ಹೋದರೆ ತಾಮ್ರ ಒಂದು ತುದಿಗೆ ಹೋಗಿ ಲೋಹವಾಗಿ ಕೂರುತ್ತದೆ. ಮತ್ತೆ ಅದೇ ಚಾಳಿ!

ನನಗೆ ಹೆಚ್ಚು ಭರವಸೆ ಇರುವುದು ಆಗ ಹೇಳಿದ ಕಾಪರ್ ಇಂಡಿಯಂ ಸಲ್ಫೈಡಿನ ಮೇಲೆ. ನೀಲಿ, ಅತಿನೇರಳೆ ಬೆಳಕನ್ನು ನುಂಗಿ ಕಿತ್ತಳೆ, ಕೆಂಪು ಬೆಳಕು ಕೊಡುತ್ತದೆ. ತಾನೇ ಕೊಟ್ಟ ಬೆಳಕನ್ನು ತಾನೇ ನುಂಗುವುದು ಕಡಿಮೆ. ಇದನ್ನು ಗಾಜಿನಲ್ಲಿ ಸೇರಿಸಿದರೆ ಕಿಟಕಿಯೇ ಬೆಳಕನ್ನು ಅಂಚಿನ ಸೋಲಾರ್ ಸೆಲ್ಲಿಗೆ ತಳ್ಳುತ್ತದೆ. ಅಮೆರಿಕದ ಯುಬಿಕ್ಯುಡಿ ಕಂಪನಿ ಇದನ್ನು ಹಸಿರುಮನೆಯ ಹಾಳೆಯಲ್ಲಿ ಹಾಕಿ ಮಾರುತ್ತಿದೆ, ಗಿಡಗಳಿಗೆ ಹೆಚ್ಚು ಕಿತ್ತಳೆ ಬೆಳಕು ಸಿಗಲಿ ಅಂತ. ರಾಣೆಬೆನ್ನೂರಿನ ಕಡೆ ಬೀಜ ಬೆಳೆಯುವವರ ಪರದೆಯ ಮನೆಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಬೆಳೆಗೆ ಇದು ಲಾಭವೋ ನಷ್ಟವೋ ಅಂತ ಅಳೆದು ನೋಡುವುದು ಒಳ್ಳೆಯ ಪ್ರಾಜೆಕ್ಟ್ ಆದೀತು.

ಬಣ್ಣದ ನೀರನ್ನು ಬೆಳಕಿನಿಂದ ತಿಳಿ ಮಾಡುವ ಪ್ರಯೋಗವನ್ನು ಮಾತ್ರ ಸುಮ್ನೆ ಕೊನೆಗೆ ಅಂಟಿಸಬೇಡಿ. ಮೆಥಿಲೀನ್ ಬ್ಲೂ ಹಾಕಿ, ಬಿಸಿಲಿಗಿಟ್ಟು, ಶೇ 90 ಹೋಯಿತು ಅಂತ ಬರೆಯುವ ಪೇಪರುಗಳು ಸಾಕಷ್ಟಿವೆ. ಬಣ್ಣ ಪುಡಿಗೆ ಅಂಟಿಕೊಂಡು ಮಾಯವಾಗಿರಬಹುದು. ಆ ಬಣ್ಣವೇ ಬೆಳಕು ನುಂಗುತ್ತದೆ, ತಾನಾಗಿಯೂ ಕೆಡುತ್ತದೆ. ಕತ್ತಲಲ್ಲಿ ಒಂದು, ಪುಡಿ ಇಲ್ಲದೆ ಒಂದು ಪ್ರಯೋಗ ಇಡದೆ ಈ ಮಾತು ಆಡಬಾರದು.

ನಿಮ್ಮವ್ವನ ಹಂಡೆ. ಹೊರಗಿನ ಕಪ್ಪು ಒಲೆಯ ಮಸಿ, ಅದರಲ್ಲಿ ಗುಟ್ಟೇನಿಲ್ಲ. ಮಸಿ ಇಲ್ಲದ ಕಡೆ ಮಂಕಾಗಿ ಕಪ್ಪಾಗಿದ್ದರೆ ಬಹುಪಾಲು ತಾಮ್ರದ ಆಕ್ಸೈಡ್. ಸಲ್ಫೈಡ್ ಆಗಬೇಕಾದರೆ ಗಂಧಕದ ಅನಿಲ ತಾಗಬೇಕು, ಚರಂಡಿಯ ಗಾಳಿಯೋ ಮತ್ತೊಂದೋ. ಪತ್ತೆ ಹಚ್ಚಲು ರಾಮನ್ ಬೇಡ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಲು ಹೇಳಿ. ಆಕ್ಸೈಡ್ ಆದರೆ ಹುಳಿಗೆ ಕರಗಿ ತಾಮ್ರ ಫಳಫಳ ಹೊಳೆಯುತ್ತದೆ. ಸಲ್ಫೈಡ್ ಹುಳಿಗೆ ಜಗ್ಗುವುದಿಲ್ಲ. ಎಷ್ಟು ತಿಕ್ಕಿದರೂ ಒಂದು ಕಡೆ ನೀಲಿಗಪ್ಪು ಕಲೆ ಹಾಗೇ ಉಳಿದರೆ, ಪ್ರಾಜೆಕ್ಟಿನ ಪದಾರ್ಥ ನಿಮ್ಮ ಬಚ್ಚಲಲ್ಲೂ ಇದೆ ಅಂತ ಅವ್ವನಿಗೆ ಹೇಳಬಹುದು.